ಮೂಲ ಪ್ರತಿ ಎಲ್ಲಿ?

ಶ್ರಾವಣದ ಒಂದು ಬೆಳಗ್ಗೆ, ಹತ್ತೂವರೆಯ ಹೊತ್ತಿಗೆ, ಗದಗಿನ ಅಂಗಡಿಯೊಂದರ ಮೇಜಿನ ಮೇಲೆ ನಾನು ಹುಟ್ಟಿದೆ. ನಾನು ಒಂದು ಕಂಪ್ಯೂಟರ್. ಬಿಡಿಭಾಗ ಜೋಡಿಸಿ, ನನ್ನನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ತುಂಬಿ, ನನ್ನನ್ನು ಸಣ್ಣದೊಂದು ಮುದ್ರಣಾಲಯಕ್ಕೆ ಕಳಿಸಿದರು. ನಾನಾಗಿ ಬಾಯಿಬಿಡಲು ನನಗೆ ತಿಳಿಯದು. ಬರೆದಿಟ್ಟದ್ದನ್ನು ಮರೆಯಲೂ ತಿಳಿಯದು. ತಂತಿಯಲ್ಲಿ ಬರುವ ಯಾವುದರ ಮೇಲೂ ನನಗೆ ಭರವಸೆ ಇರಲಿಲ್ಲ. ಆದರೆ ನನ್ನನ್ನು ಕೇಳುವವರು ಯಾರು?

ಅಲ್ಲಿ ಪ್ರೂಫ್ ತಿದ್ದುತ್ತಿದ್ದ ಫಕೀರಪ್ಪನವರು ಮೂವತ್ತು ವರ್ಷ ಊರೂರು ತಿರುಗಿ ನೇಕಾರರ, ಕಂಬಾರರ ಮಾತುಗಳನ್ನು ಚೀಟಿಗಳಲ್ಲಿ ಬರೆದುಕೊಂಡಿದ್ದರು. ಹನ್ನೆರಡು ಸಾವಿರ ಪದ. ಅವನ್ನೆಲ್ಲ ನನ್ನೊಳಗೆ ಟೈಪ್ ಮಾಡಿಸಿದ ಮರುವರ್ಷವೇ ಚೀಟಿಗಳನ್ನು ಗೆದ್ದಲು ತಿಂದಿತು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಉಳಿದದ್ದು ನನ್ನ ಹೊಟ್ಟೆಯಲ್ಲಿದ್ದದ್ದು ಮಾತ್ರ.

ಆ ಪದಕೋಶವನ್ನು ಇಂಟರ್‌ನೆಟ್ಟಿಗೆ ಹಾಕಲು ಪ್ರೋಗ್ರಾಮ್ ಬರೆಯುವ ಸುವರ್ಣಾ ಎಂಬ ಹುಡುಗಿ ಬಂದಳು. ಅವಳ ಪ್ರೋಗ್ರಾಮಿಗೆ ಬೇಕಾದ ಬಿಡಿ ಸರಕನ್ನೆಲ್ಲ ಹೊರಗಿನಿಂದ ತಂದು ಹೊಂದಿಸುವ ಸಾಧನವೊಂದನ್ನು ಮೊದಲು ನನ್ನೊಳಗೆ ಇನ್‌ಸ್ಟಾಲ್ ಮಾಡಬೇಕಿತ್ತು. ಹುಡುಕಿದಾಗ ಮೊದಲು ಸಿಕ್ಕ ಪುಟದಿಂದಲೇ ಫೈಲ್ ಇಳಿಸಿಕೊಂಡಳು. ರೂಟ್ ಅಧಿಕಾರ ಕೊಟ್ಟು ಓಡಿಸಿ ಎಂದು ಆ ಪುಟ ಹೇಳುತ್ತಿತ್ತು. ಅಂದರೆ ಗುರುತಿಲ್ಲದವನ ಕೈಗೆ ಮನೆಯ ಎಲ್ಲ ಬೀಗದ ಕೈ. ನನಗೆ ಆಗಲೇ ಸರಿ ಕಾಣಲಿಲ್ಲ.

"ಫೈಲ್ ಅಸಲಿ ಹೌದೋ ಅಲ್ಲೋ ನೋಡಾಕ ಒಂದು ಗುರುತು ಇರ್ತೈತ್ರಿ ಕಾಕಾ, ತೊಂಬತ್ತಾರು ಅಕ್ಷರದ್ದು. ತಾಳೆ ನೋಡೂಣು ಬರ್ರಿ."

ಫೈಲಿನಿಂದ ನಾನು ಲೆಕ್ಕ ಹಾಕಿ ತೋರಿಸಿದ ಗುರುತನ್ನು ಮುದ್ರಣಾಲಯದ ಪದ್ಧತಿಯಂತೆ ಅವಳು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು. ಫಕೀರಪ್ಪನವರು ಅವಳು ಗುರುತು ಬರೆದುಕೊಟ್ಟಿದ್ದ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದರು. ತೊಂಬತ್ತಾರೂ ಕೂಡಿದವು.

"ಆತು. ಹಾಕಲೇನ್ರಿ?"

"ತಡಿಯವ್ವಾ. ನೀ ಓದಿದ್ದು ಈ ಫೈಲಿಂದು. ನನ್ನ ಕೈಯಾಗಿಂದು ಎಲ್ಲಿಂದು?"

"ಫೈಲ್ ಕೊಟ್ಟ ಪುಟದ್ದ ರೀ."

"ಪ್ರೂಫಿಗೆ ಪ್ರೂಫನ್ನ ತಾಳೆ ನೋಡ್ತಾರೇನ? ಮೂಲ ಪ್ರತಿ ಎಲ್ಲೈತಿ?"

"ನಿಮಗ ಯಾರ ಮ್ಯಾಲೂ ನಂಬಿಗಿಲ್ಲ ಬಿಡ್ರಿ. ಚಾದಾಗ ಸಕ್ಕರಿ ಐತಿ ಅಂದ್ರೂ ತಿರುವಿ ನೋಡಾವ್ರು!"

ನಕ್ಕರೂ, ಸಾಧನ ತಯಾರಿಸಿದವರ ಸ್ವಂತ ಪುಟ ತೆರೆದು ಅಲ್ಲಿದ್ದ ಗುರುತನ್ನು ಬರೆದುಕೊಟ್ಟಳು. ಮತ್ತೆ ಓದು. ಮೊದಲ ಅಕ್ಷರಕ್ಕೇ ಪೆನ್ಸಿಲು ನಿಂತಿತು. ಎರಡನೆಯದೂ ಬೇರೆ. ಮೂರನೆಯದೂ ಬೇರೆ.

ಸುವರ್ಣಾ ಆ ಫೈಲನ್ನು ಅಳಿಸಿದಳು. ತಯಾರಿಸಿದವರ ಪುಟದಿಂದಲೇ ಹೊಸದು ತಂದು, ತೊಂಬತ್ತಾರನ್ನೂ ಕೂಡಿಸಿ ನೋಡಿ, ರೂಟ್ ಅಧಿಕಾರ ಕೊಡದೆ ಇನ್‌ಸ್ಟಾಲ್ ಮಾಡಿದಳು. ವಾರದೊಳಗೆ ಪದಕೋಶ ಇಂಟರ್‌ನೆಟ್ಟಿಗೆ ಹೋಯಿತು.

ಫಕೀರಪ್ಪನವರು ಆಗಲೂ ನಂಬಲಿಲ್ಲ. ಹೊರಗೆ ಹೋದದ್ದನ್ನು ಅವಳು ಫೋನಿನಲ್ಲಿ ಓದಬೇಕು, ಇವರು ನನ್ನ ಪರದೆಯಲ್ಲಿ ನೋಡಬೇಕು. ಇಪ್ಪತ್ತಾರು ದಿನ ಹಿಡಿಯಿತು. ಕೊನೆಯ ಪದವೂ ಕೂಡಿದ ಮೇಲೆ, ಪ್ರೂಫ್ ಮುಗಿದಾಗಿನ ರೂಢಿಯಂತೆ, 'ಅಚ್ಚಿಗೆ ಹೋಗಬಹುದು' ಎಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು.

ಈಗ ನಾನು ಕಾಗದದ ರೀಮುಗಳ ಹಿಂದೆ, ಮೂಲೆಯಲ್ಲಿದ್ದೇನೆ. ಪದಗಳು ಒಳಗೆ ಇನ್ನೂ ಇವೆ. ಆದರೆ ಹೊರಗೂ ಒಂದು ಪ್ರತಿ ಇರುವುದರಿಂದ ಕಾಯುವ ಹೊಣೆ ನನ್ನೊಬ್ಬನದಲ್ಲ. ಆ ಫೈಲಿನ ಮೇಲೆ ಸಂಶಯ ನನಗೂ ಬಂದಿತ್ತು, ಬಾಯಿಬಿಟ್ಟು ಕೇಳಿದವರು ಫಕೀರಪ್ಪನವರೊಬ್ಬರೇ. ಸಹಿ ಹಾಕಿದ ಮರುದಿನ ಅವರು, ಪದಗಳು ಭದ್ರವಾದವೆಂದು, ಕೆಲಸ ಬಿಟ್ಟು ಮುಂಡರಗಿಯ ಮಗಳ ಮನೆಗೆ ಹೋದರು.