ಸಾಮ್ರಾಜ್ಯವಿಲ್ಲದ ಸವಾರಿ

ಲಿಯೊಂತಿಯೊ ಕಲೊದೂಕಾ ದೊರೆಗಳು ಬೀದಿಯಲ್ಲಿ ನಡೆಯುತ್ತಿದ್ದದ್ದು ಬಲು ನಿಧಾನ; ಬೆನ್ನ ಹಿಂದೆ ಬರುವ ಪರಿವಾರ ಹಿಂದುಳಿಯಬಾರದಲ್ಲ. ಹಿಂದೆ ಬರುತ್ತಿದ್ದವು ವೆನಿಸ್ಸಿನ ಬೆಕ್ಕುಗಳು ಮಾತ್ರ. ಕಾನ್‌ಸ್ಟಾಂಟಿನೋಪಲ್ ತುರ್ಕರ ಪಾಲಾಗಿ ಎರಡು ತಲೆಮಾರು ಸಂದಿದ್ದರೂ ಅಲ್ಲಿನ ಗ್ರೀಕ್ ಚಕ್ರವರ್ತಿಗಳ ಸಿಂಹಾಸನ ತಮ್ಮ ವಂಶದ್ದೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅಲ್ಲಿಂದ ಓಡಿಬಂದ ಗ್ರೀಕರಾದ ನಮಗಿತ್ತು. ಚಕ್ರವರ್ತಿಗಳು ತೊಡುವ ನೇರಳೆ ಬಣ್ಣದ, ಮಾಸಿಹೋದ ನಿಲುವಂಗಿಯನ್ನು ಒಳಹೊರಗು ಮಾಡಿ ಹೊಲಿಸಿಕೊಂಡು, ದಾರಿಗೆ ಅಡ್ಡವಾಗಿ ಏನಾದರೂ ಇದ್ದರೆ ಸುತ್ತಿಹೋಗದೆ, ಯಾರಾದರೂ ಅದನ್ನು ತೆಗೆಯುವವರೆಗೆ ಸುಮ್ಮನೆ ನಿಂತಿರುತ್ತಿದ್ದರು.

"ಏಳ್ರೀ, ಸವಾರಿ ಬಂತು," ಎಂದು ನನ್ನ ಹೆಂಡತಿ ಝಂಬೆತ್ತಾ ಗೊಣಗುವಳು. "ಆ ಮೀನಿನ ಬುಟ್ಟಿ ಎತ್ತಿ, ಇಲ್ದಿದ್ರೆ ಸಂಜೆವರೆಗೂ ಇಲ್ಲೇ ನಿಂತಿರ್ತಾರೆ."

ನಮ್ಮ ಗ್ರೀಕರ ಚರ್ಚಿನಲ್ಲಿ ಪೂಜೆ ಮುಗಿಯುವವರೆಗೂ ನಿಂತೇ ಇರಬೇಕು. ಮುದುಕರು ಗೋಡೆಗೆ ಒರಗುವುದುಂಟು. ಸ್ವಲ್ಪ ಒರಗಿಕೊಳ್ಳಿ ಎಂದು ನಾನೊಮ್ಮೆ ದೊರೆಗಳಿಗೆ ಹೇಳಿದ್ದಕ್ಕೆ, "ದಣಿಯೋದು ನಮ್ಮ ಮನೆತನದಲ್ಲಿ ಇಲ್ಲ ಕಣಯ್ಯ," ಎಂದುಬಿಟ್ಟರು. ಹಿಂದೆ ಚಕ್ರವರ್ತಿಯ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದ ಜಾಗ ಬಂದಾಗ ಮುದಿ ಪಾದ್ರಿ ಗೆರಾಸಿಮೊ ಹಳೆಯ ರೂಢಿಯಿಂದ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಮೌನವನ್ನು ತಮಗೆ ಸಂದ ಗೌರವವೆಂದು ಭಾವಿಸಿ ದೊರೆಗಳು ಗಡ್ಡ ಎದೆಗೆ ತಾಕುವಂತೆ ತಲೆಬಾಗಿಸುವರು.

ಗ್ರೀಕರ ಚರ್ಚಿನಲ್ಲಿ ಚಕ್ರವರ್ತಿಯೊಬ್ಬರಿದ್ದಾರೆಂದು ಯಾರೋ ಸರ್ಕಾರಕ್ಕೆ ಚಾಡಿ ಹೇಳಿದರು. ವೆನಿಸ್ ಆಗಷ್ಟೇ ತುರ್ಕರ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡಿತ್ತು; ಅವನ ಸಿಂಹಾಸನಕ್ಕೆ ಇನ್ನೊಬ್ಬ ವಾರಸುದಾರ ತನ್ನ ಊರಿನಲ್ಲಿರುವುದು ಅದಕ್ಕೆ ಬೇಕಿರಲಿಲ್ಲ. ಒಂದು ಭಾನುವಾರ ಸರ್ಕಾರದ ಅಧಿಕಾರಿಯೊಬ್ಬ ಬಂದು ನಮ್ಮ ನಡುವೆ ನಿಂತ. ನಮ್ಮ ಭಾಷೆಯಲ್ಲಿ ಮಗುವಿಗೆ ಹೆಸರಿಡಲು, ಸತ್ತವರನ್ನು ಮಣ್ಣುಮಾಡಲು ಆ ಊರಿನಲ್ಲಿ ನಮಗಿದ್ದದ್ದು ಅದೊಂದೇ ಚರ್ಚು. ಅದರ ಬಾಗಿಲು ಮುಚ್ಚಿಸಲು ಅವನ ಒಂದು ಮಾತು ಸಾಕಿತ್ತು.

ಪೂಜೆ ಮುಗಿದದ್ದೇ ತಡ, ಅವನು ದೊರೆಗಳತ್ತ ಕೈ ತೋರಿ ಕೇಳಿದ: "ನಡುವೆ ಪಾದ್ರಿ ಸುಮ್ಮನಾದ್ರು, ಇವರು ತಲೆ ಬಗ್ಸಿದ್ರು. ಇವರೇನು ನಿಮ್ಮ ಚಕ್ರವರ್ತಿನಾ?"

ದೊರೆಗಳು ಹೌದೆನ್ನುತ್ತಾರೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಈ ಒಂದು ಪ್ರಶ್ನೆಗಾಗಿಯೇ ಆ ಮನುಷ್ಯ ಜೀವಮಾನವಿಡೀ ಕಾದಿದ್ದರಲ್ಲ. ದೊರೆಗಳು ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು.

"ತೂಕಡಿಕೆ ಸ್ವಾಮಿ," ಎಂದರು. "ವಯಸ್ಸಾಯ್ತು, ನಿಂತಲ್ಲೇ ನಿದ್ದೆ ಬರುತ್ತೆ. ಪಾಪ, ನನ್ನ ಗೊರಕೆ ಕೇಳಿ ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿದ್ರು."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮನೆಗೆ ಹೋಗಿ ಮಲ್ಕೊಳ್ಳಜ್ಜ," ಎಂದು ಹೊರಟೇ ಹೋದ.

ಹೋದ ಜೀವ ಬಂದಂತಾಯಿತು. ಯಾರೋ ಅಳುತ್ತಿದ್ದರು, ಯಾರೋ ನಗುತ್ತಿದ್ದರು. ಝಂಬೆತ್ತಾ ದೊರೆಗಳ ಕೈ ಹಿಡಿದು ಮನೆಗೆ ಕರೆತಂದು ಬಿಸಿ ಕಡಲೆಕಾಳಿನ ಸಾರು ಬಡಿಸಿದಳು. ಅವರು ಗೋಡೆಗೆ ಒರಗಿ ಕುಳಿತು, ಎರಡನೆಯ ಸಲವೂ ಹಾಕಿಸಿಕೊಂಡು ಉಂಡರು.

ಅವರ ವಂಶಾವಳಿ ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ಕಳೆದುಹೋದ ರಾಜ್ಯಗಳ ಇಂಥ ವಾರಸುದಾರರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರ ಬಿಗುಮಾನವನ್ನು ನಾವು ಗೊಣಗುತ್ತಲೇ ಸಹಿಸಿಕೊಳ್ಳುತ್ತೇವೆ. ಎಂದೋ ಒಂದು ದಿನ ನಮಗಾಗಿ ಅವರು ಅದನ್ನು ಕೆಳಗಿಟ್ಟಾಗ ಮಾತ್ರ, ಅವರು ಅಷ್ಟು ಕಾಲ ಹೊತ್ತದ್ದು ಎಷ್ಟು ಭಾರವಾಗಿತ್ತೆಂದು ನಮಗೆ ತಿಳಿಯುತ್ತದೆ.