ಅತ್ತೆ ಒಪ್ಪಿಕೊಂಡ ತಪ್ಪು

ಅಪ್ಪ ಕಿಟಕಿಯ ಗಾಜಿಗೆ ಅಂಟಿಸಿದ್ದ ಎಕ್ಸ್‌ರೇ ಫಿಲ್ಮುಗಳನ್ನು ಪರಪರನೆ ಕಿತ್ತು ಮಂಚದ ಕೆಳಗೆ ತಳ್ಳುತ್ತಿದ್ದ. ಯಾರದೋ ಮೊಣಕಾಲು, ಯಾರದೋ ಪಕ್ಕೆಲುಬು, ಕೊನೆಗೆ ಯಾರದೋ ಸೊಂಟ. ಬಿಸಿಲಿಗೆ ಅಡ್ಡವಾಗಲಿ ಎಂದು ಅತ್ತೆ ಅಂಟಿಸಿಕೊಂಡಿದ್ದವು ಅವು. ಈಗ ಬಿಸಿಲು ನೇರವಾಗಿ ನುಗ್ಗಿ ಸತ್ತವಳ ಮುಖದ ಮೇಲೆ ಬಿತ್ತು.

"ಅಪ್ಪಾ, ಅತ್ತೆ ಮುಖಕ್ಕೆ ಬಿಸಿಲು ಹೊಡೀತಿದೆ."

"ಅವಳಿಗೇನು ಗೊತ್ತಾಗುತ್ತೆ ಈಗ? ಚರ್ಚಿನ ಬೋಧಕರು ಬರೋ ಹೊತ್ತಾಯ್ತು. ಅವರ ಕಣ್ಣಿಗೆ ಈ ಮೂಳೆ ಚಕ್ಕಳ ಬೀಳೋದು ಬೇಡ."

ಹದಿನಾರರ ಹುಡುಗಿ ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಅವಳ ನೆರಳು ಅತ್ತೆಯ ಮುಖವನ್ನು ಮುಚ್ಚಿತು. ಬಂದವರೆಲ್ಲ "ಪಕ್ಕಕ್ಕೆ ಸರಿಯಮ್ಮ" ಎಂದರು. ಅವಳು ಸರಿಯಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಬೀದಿಯ ಕೊನೆಯ ಈ ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲೇ ಕೂದಲು ನರೆಯಿತು. ನೆಂಟರಿಷ್ಟರು ಅವಳ ಬೆನ್ನ ಹಿಂದೆ 'ಕೋತಿಯಮ್ಮ' ಎನ್ನುತ್ತಿದ್ದರು. ಧೈರ್ಯ ಇದ್ದವರು ಎದುರಿಗೇ ಅನ್ನುತ್ತಿದ್ದರು.

ಅವಳ ಜೊತೆ ಕೆಲಸ ಮಾಡುತ್ತಿದ್ದ, ಫಿಲ್ಮು ತೊಳೆಯುವ ಡಾರ್ಕ್‌ರೂಮಿನವನು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. "ಎಕ್ಸ್‌ರೇ ತೆಗೆಯೋವಾಗ ಉಸಿರು ಎಳೀರಿ, ಹಿಡೀರಿ ಅಂತಿದ್ರು. ಒಂದ್ಸಲ ನನ್ನ ಜೊತೆ ಜಗಳಕ್ಕೆ ನಿಂತು, ಬಿಡಿ ಅನ್ನೋದನ್ನೇ ಮರೆತುಬಿಟ್ರು. ಪಾಪ, ಉಸಿರು ಹಿಡಿದು ನಿಂತಿದ್ದ ಅಜ್ಜ ಕಣ್ಣು ಮೇಲೆ ಮಾಡಿಬಿಟ್ಟಿದ್ದ!"

"ಆಮೇಲೆ?" ಹುಡುಗಿ ಕೇಳಿದಳು.

"ಆಮೇಲೇನು, ಅಜ್ಜನ ಕೈ ಹಿಡಿದು, ತಪ್ಪು ನಂದೇ ಅಂದ್ರು. ಅವರಿಗೆ ತಪ್ಪು ಅನ್ನೋಕೆ ನಾಚಿಕೆನೇ ಇರ್ಲಿಲ್ಲ."

ಅಷ್ಟರಲ್ಲಿ ಬೋಧಕರು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಅಪ್ಪನ ಹತ್ತಿರ ಬಗ್ಗಿ ಕೇಳಿದರು: "ಏನು ಹೇಳಲಿ? ಇವರು ಪ್ರಾರ್ಥನೆಗೆ ಬಂದಿದ್ದು ನಾನಂತೂ ನೋಡಿಲ್ಲ."

"ಕೊನೆಗಾಲಕ್ಕೆ ಬುದ್ಧಿ ಬಂತು ಗುರುಗಳೇ. ಇಷ್ಟು ದಿನ ಹೇಳ್ತಿದ್ದುದೆಲ್ಲ ತಪ್ಪು ಅಂತ ಒಪ್ಕೊಂಡ್ಳು. ನನ್ನ ಮಗಳ ಎದುರಿಗೇ."

ಕಿಟಕಿಯ ಬಳಿ ನಿಂತ ಹುಡುಗಿಯ ಕಿವಿಗಳು ಬಿಸಿಯಾದವು.

*

ಶಾಲೆಯಲ್ಲಿ ವಿಕಾಸವಾದದ ಪಾಠ ಬಂದ ದಿನ ಅವಳು ನೇರವಾಗಿ ಈ ಕೋಣೆಗೇ ಬಂದು ಪುಸ್ತಕವನ್ನು ಮಂಚಕ್ಕೆ ಎಸೆದಿದ್ದಳು.

"ಕೋತಿಯಿಂದ ಮನುಷ್ಯ ಬಂದಿದ್ರೆ, ಕೋತಿಗಳು ಇನ್ನೂ ಯಾಕಿವೆ?"

"ನಿನ್ನ ದೊಡ್ಡಪ್ಪನ ಮಕ್ಕಳು ಇನ್ನೂ ಯಾಕಿದಾರೆ?"

"ನಾನೇನು ಅವರಿಂದ ಬಂದಿದೀನಾ?"

"ಅದೇ ಕಣೇ ಲಾಯರಮ್ಮ! ಅವರೂ ನೀನೂ ತಾತನಿಂದ ಬಂದ್ರಿ. ಕೋತಿ ನಮ್ಮ ತಾತ ಅಲ್ಲ, ದಾಯಾದಿ."

"ಆ ತಾತನ್ನ ನೀನು ನೋಡಿದೀಯಾ?"

"ಇಲ್ಲ. ಮೊಮ್ಮಕ್ಕಳ ಮೂಗು ನೋಡಿದೀನಿ."

ಅತ್ತೆ ಕಿಟಕಿಯ ಮೇಲಿನ ಸೊಂಟದ ಫಿಲ್ಮಿಗೆ ಬೆರಳಿಟ್ಟಳು. ಬೆನ್ನುಮೂಳೆಯ ತುದಿಯಲ್ಲಿ ಒಳಕ್ಕೆ ಬಾಗಿದ ನಾಲ್ಕು ಪುಟ್ಟ ಎಲುಬು. "ಇದು ಬಾಲದ ಬುಡ. ಅಮ್ಮನ ಹೊಟ್ಟೇಲಿ ನಿನಗೂ ಕೆಲವು ವಾರ ಬಾಲ ಇತ್ತು, ಆಮೇಲೆ ಕರಗಿತು. ಉಳಿದಿದ್ದು ಇಷ್ಟು. ಈಗ ಯಾವ ಕೆಲಸಕ್ಕೂ ಬಾರದ್ದು."

"ಕೆಲಸಕ್ಕೆ ಬಾರದ್ದು ಅಂತ ನಿನಗೆ ಯಾರು ಹೇಳಿದ್ರು?"

ಅತ್ತೆ ಫಿಲ್ಮಿನಿಂದ ಬೆರಳು ತೆಗೆದಳು. "ಕೇಳಿಕೊಂಡು ಬರ್ತೀನಿ" ಎಂದಳು.

ಮರುದಿನ ಸಂಜೆ ಹುಡುಗಿ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಅತ್ತೆ ಕೆಳಗಿನಿಂದಲೇ ಕೂಗಿದಳು: "ನಾನು ಹೇಳಿದ್ದು ತಪ್ಪು ಕಣೇ! ಮೂಳೆ ಡಾಕ್ಟರನ್ನ ಕೇಳಿದೆ. ಅದಕ್ಕೆ ಸ್ನಾಯುಗಳು ಅಂಟಿಕೊಂಡಿವೆಯಂತೆ, ಕೂರೋಕೆ ಬೇಕಂತೆ."

"ನಿನ್ನ ವಾದ ಬಿದ್ದುಹೋಯ್ತು!"

ಅತ್ತೆ ಕೈಯಲ್ಲಿದ್ದ ತರಕಾರಿ ಚೀಲವನ್ನು ಎತ್ತಿ ಹಿಡಿದಳು. ಹಳೇ ಜೀನ್ಸ್ ಕತ್ತರಿಸಿ ತಾನೇ ಹೊಲಿದದ್ದು. "ಇದು ಕೆಲಸಕ್ಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಚೀಲಕ್ಕೆ ಬೆಲ್ಟು ತೂರಿಸೋ ಪಟ್ಟಿ ಯಾಕಿದೆ?"

"ಮೊದಲು ಪ್ಯಾಂಟಾಗಿತ್ತಲ್ಲ, ಅದಕ್ಕೆ!" ಹುಡುಗಿ ಸಿಡುಕಿದಳು. ಅತ್ತೆ ಅವಳ ಪಕ್ಕ ಕೂತು ಬೀನ್ಸಿನ ನಾರು ತೆಗೆಯತೊಡಗಿದಳು. "ಇದೊಂದನ್ನೇ ಹಿಡ್ಕೊಂಡು ನಂಬಬೇಡ. ಮಣ್ಣಿನ ಪದರ ಪದರದಲ್ಲೂ ಸಿಕ್ಕ ತಲೆಬುರುಡೆಗಳಿವೆ. ಅದೂ ನಾಳೆ ನೋಡೋಣ. ಜಗಳ ಆಡದೆ ಒಂದನ್ನೂ ಒಪ್ಪಬೇಡ."

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅತ್ತೆ ತಪ್ಪು ಒಪ್ಕೊಂಡ್ಳು!" ಅಪ್ಪ ತಟ್ಟೆ ಸರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವಳೂ ನಕ್ಕಿದ್ದಳು. ಚೀಲದ ವಿಷಯ ಹೇಳಿರಲಿಲ್ಲ.

ಆ ನಾಳೆ ಬರಲಿಲ್ಲ. ಬೆಳಿಗ್ಗೆ ಅತ್ತೆ ಎಕ್ಸ್‌ರೇ ಕೋಣೆಯಲ್ಲೇ ಕುಸಿದಳು. ಮೆದುಳಲ್ಲಿ ರಕ್ತಸ್ರಾವ. ಮತ್ತೆ ಮಾತಾಡಲಿಲ್ಲ.

*

ಪೆಟ್ಟಿಗೆ ಕೆಳಗಿಳಿಸುವಾಗ ಮೆಟ್ಟಿಲ ತಿರುವಿನಲ್ಲಿ ಹುಡುಗಿ ಅಪ್ಪನನ್ನು ಅಡ್ಡಗಟ್ಟಿದಳು.

"ಅವಳು ಹಾಗೆ ಹೇಳಿಲ್ಲ."

"ಕುಣಿದುಕೊಂಡು ಬಂದು ಹೇಳಿದ್ದು ನೀನೇ."

"ನಾನು ಅರ್ಧ ಹೇಳಿದ್ದೆ."

"ನನಗೆ ಅರ್ಧ ಸಾಕು." ಅಪ್ಪ ಕೆಳಗಿಳಿಯುತ್ತಿದ್ದ ಪೆಟ್ಟಿಗೆಯತ್ತ ನೋಡಿದ. "ನನ್ನಕ್ಕ ಅವಳು. ಬದುಕಿದ್ದಷ್ಟು ದಿನ ಕೋತಿಯಮ್ಮ ಅನ್ನಿಸಿಕೊಂಡ್ಳು. ಜನ ನಗೋದು ಇವತ್ತಾದ್ರೂ ನಿಲ್ಲಲಿ."

"ಅದಕ್ಕೆ ಅವಳ ಬಾಯಿಗೆ ಇಲ್ಲದ ಮಾತು ತುರುಕ್ತೀಯಾ?"

"ಬಾಯಿ ಮುಚ್ಕೊಂಡು ನಡಿ. ಅಲ್ಲಿ ತುಟಿ ಬಿಚ್ಚಿದ್ರೆ ನೋಡು."

ಹೂಳುವ ಜಾಗದಲ್ಲಿ ಅಗೆದ ಮಣ್ಣು ಇನ್ನೂ ಹಸಿಯಾಗಿತ್ತು. ಬೋಧಕರು ಕನ್ನಡಕ ಏರಿಸಿಕೊಂಡರು. "ನಮ್ಮ ಈ ಸಹೋದರಿ ಬಹುಕಾಲ ದಾರಿ ತಪ್ಪಿ ನಡೆದರು. ಆದರೆ ಕೊನೆಯಲ್ಲಿ, ತಾವು ನಂಬಿದ್ದೆಲ್ಲ ತಪ್ಪು ಎಂದು..."

"ಸುಳ್ಳು!"

ಅಪ್ಪ ಅವಳ ರಟ್ಟೆ ಹಿಡಿದ. ಅವಳು ನಿಲ್ಲಿಸಲಿಲ್ಲ.

"ತಪ್ಪು ಅಂದಿದ್ದು ಒಂದು ಮೂಳೆ ಬಗ್ಗೆ. ಇಲ್ಲಿ, ಬೆನ್ನಿನ ತುದೀಲಿ." ತಿರುಗಿ ನಿಂತು, ಎಲ್ಲರಿಗೂ ಕಾಣುವಂತೆ ಬೆರಳಿಟ್ಟು ತೋರಿಸಿದಳು. "ಇದಕ್ಕೆ ಕೆಲಸ ಇಲ್ಲ ಅಂದಿದ್ಲು. ಇದೆ ಅಂತ ಗೊತ್ತಾದ ದಿನವೇ ಬಂದು ಹೇಳಿದ್ಲು. ಅಷ್ಟೇ! ಅದು ಬಾಲ ಅಲ್ಲ ಅಂತ ಹೇಳಿಲ್ಲ. ನಾನಿನ್ನೂ ಎಲ್ಲ ಒಪ್ಪಿಲ್ಲ, ನನ್ನ ಜಗಳ ಮುಗಿದೇ ಇಲ್ಲ. ಆದ್ರೆ ನೀವು ಯಾರಾದ್ರೂ, ಒಂದೇ ಒಂದು ಸಲ, ನನ್ನಂಥವಳ ಮುಂದೆ ತಪ್ಪಾಯ್ತು ಅಂದಿದೀರಾ? ಹೇಳಿ!"

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿಯ ಕೈ ಮೆಲ್ಲಗೆ ಬೆನ್ನ ಹಿಂದೆ ಸರಿದು ಏನನ್ನೋ ತಡವಿತು. ಪಕ್ಕದ ಗಂಡಸು ಅದನ್ನು ನೋಡಿ, ಅತ್ತಿತ್ತ ಕಣ್ಣಾಡಿಸಿ, ತಾನೂ ತಡವಿಕೊಂಡ.

ಬೋಧಕರು ಹುಡುಗಿಯನ್ನು ನೋಡಿದರು, ಅಪ್ಪನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಈ ಸಹೋದರಿ ಆಸ್ಪತ್ರೆಯಲ್ಲಿ ಬಹಳ ಜನರ ನೋವು ನೋಡಿದರು" ಎಂದರು. ಬಿಟ್ಟ ವಾಕ್ಯಕ್ಕೆ ಮರಳಲಿಲ್ಲ.

ಹಗ್ಗ ಹಿಡಿಯಲು ನಾಲ್ವರು ಬೇಕಾಗಿತ್ತು. ತಲೆಯ ಕಡೆಯ ಒಂದು ಹಗ್ಗ ಅಪ್ಪನದು. ಅವನು ಒಂದೇ ಕೈಯಲ್ಲಿ ಹಿಡಿದ. ಇನ್ನೊಂದು ಮಗಳ ರಟ್ಟೆಯ ಮೇಲೇ ಇತ್ತು.

"ಕೈ ಬಿಡಪ್ಪಾ."

"ಬಿಡಲ್ಲ."

ಪೆಟ್ಟಿಗೆ ವಾಲಿತು. "ಎರಡೂ ಕೈ ಹಾಕಿ, ಜಾರ್ತಿದೆ!" ಎಂದು ಡಾರ್ಕ್‌ರೂಮಿನವನು ಎದುರಿನಿಂದ ಅರಚಿದ. ಅಪ್ಪನ ಬೆರಳುಗಳು ಅವಳ ರಟ್ಟೆಯನ್ನು ಇನ್ನೂ ಬಿಗಿಯಾಗಿ ಕಚ್ಚಿದವು. ಹುಡುಗಿ ಬಿಡುವಾಗಿದ್ದ ಕೈಯನ್ನು ಚಾಚಿ, ಅಪ್ಪನ ಮುಷ್ಟಿಯ ಹಿಂದೆ ಹಗ್ಗವನ್ನು ಹಿಡಿದಳು. ಅಂಗೈ ಉರಿಯಿತು. ಒಬ್ಬರ ಮುಖ ಒಬ್ಬರು ನೋಡದೆ, ಹಲ್ಲು ಕಚ್ಚಿಕೊಂಡು ಇಬ್ಬರೂ ಹಗ್ಗ ಸಡಿಲಿಸುತ್ತ ಹೋದರು. ಪೆಟ್ಟಿಗೆ ಎರಡು ಬದಿಯ ಹಸಿಮಣ್ಣನ್ನೂ ಕೆರೆಯುತ್ತ, ಓಲಾಡುತ್ತ, ಕೆಳಗಿಳಿಯಿತು.