ಮೊಟ್ಟೆ ಒಡೆದ ಹೆಸರು

“ಬಿಗಿಯಾಗಿ ಹಿಡ್ಕೊ, ಆದ್ರೆ ಅಮುಕಬೇಡ ಕಣೇ. ಒಡೆಯೋದು ಮೊಟ್ಟೆ ಕೆಲಸ, ನಿಂದಲ್ಲ,” ಎಂದರು ತೂಬಾ ಖಾನುಂ.

ಅಡುಗೆಮನೆಯ ನೆಲದ ಮೇಲೆ ಕೂತಿದ್ದ ಸೊಸೆ ಮಾಹ್ರುಖ್, ಬಟ್ಟೆಯಲ್ಲಿ ಸುತ್ತಿದ ಮೊಟ್ಟೆಯನ್ನು ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದಿದ್ದಳು. ಎರಡು ತುದಿಗೂ ಒಂದೊಂದು ನಾಣ್ಯ. ಚಿಪ್ಪಿನ ತುಂಬ ಅತ್ತೆ ಇದ್ದಿಲಿನಿಂದ ಬರೆದ ಸೊನ್ನೆಗಳು, ಅನುಮಾನ ಬಂದವರಿಗೆಲ್ಲ ಒಂದೊಂದು. ಯಾರ ಹೆಸರು ಹೇಳಿದಾಗ ಮೊಟ್ಟೆ ಒಡೆಯುತ್ತದೋ ಅವರ ಕಣ್ಣೇ ತಾಗಿದ್ದು. ಪಕ್ಕದ ಕೋಣೆಯಲ್ಲಿ, ಮುರಿದ ಮೊಣಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನಾದಿನಿ ಗೋಲ್‌ನೂಷ್ ಮಲಗಿದ್ದಳು. ಮೇಲ್ಮನೆಯ ಮಸೂಮೆ ಸಾಕ್ಷಿಗೆಂದು ಬಂದು, ಚಹಾ ಕುಡಿಯುತ್ತ ಕೂತಿದ್ದರು.

“ಬೇಕರಿಯವನ ಹೆಂಡತಿ,” ಎಂದರು ಅತ್ತೆ. ಮೊಟ್ಟೆ ಅಲುಗಲಿಲ್ಲ. “ಛೇ! ಅವಳೇ ಇರ್ತಾಳೆ ಅಂದ್ಕೊಂಡಿದ್ದೆ.”

“ಇನ್ನೊಂದ್ಸಲ ಹೇಳಿ ನೋಡಿ,” ಎಂದರು ಮಸೂಮೆ.

“ಹಾಗೆಲ್ಲ ಎರಡು ಸಲ ಕೇಳಬಾರದು. ಇನ್ನು ಉಳಿದಿರೋದು ಕೆಳಮನೆ ಎಫ್ಫತ್. ಅದಾದ್ಮೇಲೆ ಮನೆಯವರೇ. ಇವಳು, ನಾನು.”

ಇಂಥದ್ದನ್ನೆಲ್ಲ ನಂಬುವವಳಲ್ಲ ಮಾಹ್ರುಖ್. ಲಾರಿ ಓಡಿಸುವ ಗಂಡ ದಾರಿಯಿಂದ ಫೋನ್ ಮಾಡಿದಾಗೆಲ್ಲ ಅತ್ತೆಯ ಮೊಟ್ಟೆಪುರಾಣ ಹೇಳಿ ನಗುತ್ತಿದ್ದವಳು. ಈಗ ಮಾತ್ರ ಆ ಮೊಟ್ಟೆಗೆ ಎಲ್ಲವೂ ಗೊತ್ತಿದೆ ಅನ್ನಿಸುತ್ತಿತ್ತು.

ಯಾಕೆಂದರೆ ಗೋಲ್‌ನೂಷ್ ಎಲ್ಲರೂ ನಂಬಿದ್ದಂತೆ ಮೆಟ್ಟಿಲ ಮೇಲೆ ಜಾರಿ ಬಿದ್ದಿರಲಿಲ್ಲ. ಅವರಿದ್ದ ಕರಜ್ ಊರಿನ ಆಚೆ ಬದಿಯಲ್ಲಿ ಹೆಂಗಸರಿಗೆಂದೇ ನಿಂಜುತ್ಸು ಎಂಬ ಜಪಾನಿ ಯುದ್ಧಕಲೆ ಕಲಿಸುವ ಒಂದು ಕ್ಲಬ್ ಇತ್ತು. ಇಬ್ಬರೂ ಸೇರುತ್ತೇವೆ ಅಂದದ್ದಕ್ಕೆ ಅತ್ತೆ, “ನಮ್ಮನೆ ಹೆಂಗಸರು ಗೋಡೆ ಹಾರೋದೇನೂ ಬೇಡ” ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಹಾಗಾಗಿ ಪ್ರತಿ ಸೋಮವಾರ ಮಧ್ಯಾಹ್ನ ಅವರು ಪ್ರವಚನಕ್ಕೆ ಹೋದ ಮೇಲೆ, ಅತ್ತಿಗೆ ನಾದಿನಿ ಇಬ್ಬರೂ ರತ್ನಗಂಬಳಿಯ ಮೇಲೆ ರಜಾಯಿ ಹಾಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ವಿಡಿಯೊ ನೋಡಿ ಕಲಿಯುತ್ತಿದ್ದರು. ವಿಡಿಯೊದ ಕರಿಬಟ್ಟೆಯ ಗುರು ಮೊದಲ ನಾಲ್ಕು ಪಾಠಗಳಲ್ಲಿ ಬೀಳುವುದನ್ನಷ್ಟೇ ಹೇಳಿಕೊಡುತ್ತಾಳೆ. ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಏನೇ ಆದರೂ ಕೈ ಮಾತ್ರ ಊರಬೇಡಿ. ನೂರು ಸಲ ಬಿದ್ದ ಮೇಲೆ ಐದನೆಯ ಪಾಠಕ್ಕೆ ಬನ್ನಿ. ಮೂವತ್ತಾರರ ಮಾಹ್ರುಖ್‌ಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಬೀಳುವುದು ಅವಳಿಗೆ ಬೇಕಿರಲಿಲ್ಲ, ಬೀಳಿಸುವುದು ಬೇಕಿತ್ತು.

“ಅತ್ತಿಗೆ, ನನಗೆ ಹಿಂದಕ್ಕೆ ಬೀಳೋದೇ ಇನ್ನೂ ಬರಲ್ಲ,” ಎಂದಿದ್ದಳು ಆ ಸೋಮವಾರ ಗೋಲ್‌ನೂಷ್.

“ಬಾರೇ ಪುಕ್ಕಲಿ, ಮೆತ್ತಗೆ ಮಾಡ್ತೀನಿ.”

ಮಣಿಕಟ್ಟು ಹಿಡಿದು, ಹೆಜ್ಜೆ ಹಿಂದಿಟ್ಟು, ತಿರುಗಿಸಿದಳು. ವಿಡಿಯೊದಲ್ಲಿದ್ದಂತೆಯೇ ಹುಡುಗಿ ಹಾರಿಬಿದ್ದಳು. ಆದರೆ ಕೈ ಊರಿದಳು. ಮೊಣಕೈ ಮುರಿದ ಆ ಸದ್ದು ಮಾಹ್ರುಖ್‌ಗೆ ಇವತ್ತಿಗೂ ಊಟದ ನಡುವೆ ಕೇಳಿಸುತ್ತದೆ. ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ, ಬಿಳುಚಿದ ತುಟಿಯಲ್ಲೇ ಹುಡುಗಿ ಹೇಳಿದ್ದಳು: “ಮೆಟ್ಟಿಲ ಮೇಲೆ ಜಾರಿದೆ ಅಂತೀನಿ. ನೀವು ಸುಮ್ನಿರಿ ಅತ್ತಿಗೆ, ಅಮ್ಮ ನಿಮ್ಮನ್ನ ಬದುಕೋಕೆ ಬಿಡಲ್ಲ.” ಮಾಹ್ರುಖ್ ಸುಮ್ಮನಿದ್ದಳು. ಅದೇ ದಿನ ಬೆಳಿಗ್ಗೆ, ಅದೇ ಮೆಟ್ಟಿಲ ಮೇಲೆ ಕೆಳಮನೆಯ ವಿಧವೆ ಎಫ್ಫತ್ ಎದುರಾಗಿ, “ಎಂಥ ಎತ್ತರ, ಎಂಥ ನಡಿಗೆ ಹುಡುಗೀದು!” ಎಂದು ಹೊಗಳಿ, ದೃಷ್ಟಿ ತಾಗದಿರಲೆಂದು ಮಾಶಾಲ್ಲಾ ಅನ್ನುವುದನ್ನು ಮರೆತಿದ್ದರು. ಅವರ ಕಣ್ಣು ಬೇರೆ ನೀಲಿ, ಬೇಗ ತಾಗುತ್ತದೆ ಅನ್ನುವಂಥದ್ದು.

“ಎಫ್ಫತ್,” ಎಂದರು ಅತ್ತೆ.

ಮುಂದಿನ ಹೆಸರು ತನ್ನದು. ಮಾಹ್ರುಖ್ ಬೆರಳು ಬಿಗಿದಳು. ಲೋಳೆ ಬಟ್ಟೆಯಿಂದ ಸೋರಿ ಅಂಗೈಗೆ ಇಳಿಯಿತು.

“ನೋಡಿದ್ರಾ!” ಎಂದು ಮಸೂಮೆ ಲೋಟ ಕೆಳಗಿಟ್ಟರು. ಇನ್ನು ಸುದ್ದಿ ಎರಡು ಮಹಡಿ ಇಳಿಯಲು ಎಷ್ಟು ಹೊತ್ತು ಬೇಕು?

ಮರುದಿನದಿಂದ ಅತ್ತೆ ಬೆಳಿಗ್ಗೆ ಸಂಜೆ ಬಾಗಿಲಲ್ಲಿ ದೃಷ್ಟಿ ತೆಗೆಯಲು ಎಸ್ಫಂದ್ ಬೀಜದ ಹೊಗೆ ಹಾಕತೊಡಗಿದರು. ಸಂಜೆಯ ಚಹಾಕ್ಕೆ ಎಫ್ಫತ್ ಬರಲಿಲ್ಲ, ಇವರೂ ಕರೆಯಲಿಲ್ಲ. ಹನ್ನೊಂದು ವರ್ಷದಿಂದ ತಪ್ಪದ ಚಹಾ ಅದು. ಎಫ್ಫತ್ ಎದುರು ಸಿಕ್ಕಾಗ ಎಳೆಗೂಸಿನ ತಾಯಿಯೊಬ್ಬಳು ಮಗುವಿನ ಮುಖಕ್ಕೆ ಸೆರಗು ಎಳೆದಳಂತೆ ಎಂದು ಮಸೂಮೆ ಬಂದು ವರದಿ ಒಪ್ಪಿಸಿದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಮಾಹ್ರುಖ್ ಒಂದು ವಾರ ಕಳೆದಳು. ತನ್ನಂಥ ಹೇಡಿಗೆ ಯುದ್ಧಕಲೆ ಬೇರೆ ಕೇಡು ಎಂದು ತನಗೆ ತಾನೇ ಬೈದುಕೊಂಡಳು.

ಎಂಟನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಎಫ್ಫತ್ ಸೊಪ್ಪು ಕಾಳಿನ ಆಶ್ ಗಂಜಿ ತುಂಬಿದ ಪಾತ್ರೆ ಹಿಡಿದು ಬಂದಿದ್ದರು. ಆದರೆ ಮುಖ ಬಾಗಿಲ ಕಡೆಗಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಪಾತ್ರೆಯನ್ನು ಪಕ್ಕಕ್ಕೆ ಚಾಚಿದ್ದರು.

“ಅಯ್ಯೋ ಎಫ್ಫತ್ ಜಾನ್, ಯಾಕಿಷ್ಟು ತೊಂದ್ರೆ ತಗೊಂಡ್ರಿ! ಒಳಗೆ ಬನ್ನಿ, ಈ ಮನೆ ನಿಮ್ಮದೇ ಅಲ್ವಾ,” ಎಂದರು ಅತ್ತೆ, ಅರ್ಧ ತೆರೆದ ಬಾಗಿಲನ್ನು ಕಾಲಿನಿಂದ ತಡೆದುಕೊಂಡು.

“ಇಲ್ಲ ತಾಯಿ, ಇಲ್ಲೇ ಸರಿ. ಹುಡುಗಿ ಒಳಗಿದ್ದಾಳಲ್ಲ, ನಾನು ಆ ಕಡೆ ನೋಡಲ್ಲ, ಹೆದರಬೇಡಿ. ಆಶ್ ಕುದಿಸೋವಾಗ ಕೂಡ ಅವಳನ್ನ ನೆನೆಸ್ಕೊಳ್ಳಬಾರದು ಅಂತ ಪಾತ್ರೆ ಲೆಕ್ಕ ಹಾಕ್ತಾ ನಿಂತಿದ್ದೆ. ನಮ್ಮಮ್ಮನೂ ಅಂತಿದ್ದಳು, ನಿನ್ನ ಕಣ್ಣು ಭಾರ ಅಂತ. ನಾನು ನಂಬಿರಲಿಲ್ಲ.”

ಮಾಹ್ರುಖ್ ಅತ್ತೆಯನ್ನು ಸರಿಸಿ ಮುಂದೆ ಬಂದಳು. ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

“ನಿಮ್ಮ ಕಣ್ಣಲ್ಲ ಎಫ್ಫತ್ ಖಾನುಂ. ನಾನೇ ಬೀಳಿಸಿದ್ದು ಅವಳನ್ನ, ಒಳಗೆ, ವಿಡಿಯೊ ನೋಡಿ ಕುಸ್ತಿ ಮಾಡೋಕೆ ಹೋಗಿ. ಮೊಟ್ಟೆನೂ ತಾನಾಗಿ ಒಡೀಲಿಲ್ಲ. ನಿಮ್ಮ ಹೆಸರಿಗೆ ನಾನೇ ಅಮುಕಿದೆ.”

ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು. ಸೊಸೆಯ ಬಗ್ಗೆ ಹೆಮ್ಮೆಪಟ್ಟವರಂತೆ ತಲೆಯಾಡಿಸಿದರು.

“ನೋಡಿ ಎಫ್ಫತ್ ಜಾನ್, ನಿಮ್ಮ ಮನಸ್ಸು ನೋಯಬಾರದು ಅಂತ ಎಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾಳೆ. ಕುಸ್ತಿಯಂತೆ! ನಮ್ಮ ಸೊಸೆ ಅಂದ್ರೆ ಹಾಗೇ.”

“ಇಲ್ಲ ಅತ್ತೆ, ಮಾತಿಗೆ ಹೇಳ್ತಿಲ್ಲ, ದೇವರಾಣೆ ನಿಜ! ಗೋಲ್‌ನೂಷ್‌ನ ಕೇಳಿ!”

ಒಳಗೆ ಹುಡುಗಿ ಮಾತ್ರೆಯ ನಿದ್ದೆಯಲ್ಲಿದ್ದಳು. ಎಫ್ಫತ್ ಗೋಡೆಯ ಕಡೆಗೇ ಮುಗುಳ್ನಕ್ಕರು. ಕೈ ಹಿಂದಕ್ಕೆ ಚಾಚಿ, ತಡವಿ ಹುಡುಕಿ, ಮಾಹ್ರುಖ್‌ಳ ಬೆರಳುಗಳನ್ನು ಮೆಲ್ಲಗೆ ಸವರಿದರು.

“ದೊಡ್ಡ ಮನಸ್ಸು ಮಗಳೇ ನಿಂದು. ನಿನ್ನ ಕೈಗೆ ಯಾವತ್ತೂ ನೋವಾಗದಿರಲಿ,” ಎಂದರು.

ಹಾಗೇ ಗೋಡೆ ಹಿಡಿದುಕೊಂಡು, ಕಣ್ಣನ್ನು ಮೆಟ್ಟಿಲಿಂದ ಮೇಲೆತ್ತದೆ ಇಳಿದು ಹೋದರು. ಆಶ್ ಪಾತ್ರೆ ಸುಡುತ್ತಿತ್ತು. ಮಾಹ್ರುಖ್ ಅದನ್ನು ಕೆಳಗಿಡಲಿಲ್ಲ.